ನನ್ನ ಬಾಲ್ಕನಿಯ ರಾಸ್ಪ್‌ಬೆರಿ ಸಾಮ್ರಾಜ್ಯ

ನನ್ನ ಬಾಲ್ಕನಿಯಲ್ಲಿ ಒಂದು ರಾಸ್ಪ್‌ಬೆರಿ ತೋಟವಿದೆ. ಅಂತಿಂಥ ತೋಟವಲ್ಲ, ಹಕ್ಕಿಗಳೂ ದಾರಿ ತಪ್ಪಿ ಅಲೆಯುವಂಥ ಕಾಡು. ಅದಿಷ್ಟೂ ಒಂದೇ ಕುಂಡದಲ್ಲಿದೆ ಎಂಬುದನ್ನು ನನ್ನಕ್ಕನಂಥ ಹೊಟ್ಟೆಕಿಚ್ಚಿನವರು ಮಾತ್ರ ಎತ್ತಿ ಆಡುತ್ತಾರೆ. ಮೊಣಕಾಲೆತ್ತರ ದಾಟದ, ಮುಳ್ಳಿಲ್ಲದ, ಕುಂಡಕ್ಕೆಂದೇ ಹುಟ್ಟಿದ ಗಿಡ್ಡ ತಳಿ. ಆದರೆ ಗಿಡಕ್ಕೆ ತನ್ನ ಎತ್ತರ ಗೊತ್ತಿಲ್ಲ, ನಾನೂ ಹೇಳಿಲ್ಲ.

ನಾನು ಕನ್ನಡಕದ ಅಂಗಡಿಯವಳು. ನಾನು ಕೂರಿಸಿಕೊಟ್ಟ ಕನ್ನಡಕ ಭೂಕಂಪವಾದರೂ ಮೂಗಿನಿಂದ ಜಾರುವುದಿಲ್ಲ. ಪಕ್ಕದಲ್ಲೇ ಸಲೂನ್ ಇಟ್ಟುಕೊಂಡವನೊಬ್ಬನಿದ್ದಾನೆ. ಬೀದಿಯವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಾರೆ. ಬಾಗಿಲಿನ ಗಾಜು ಒರೆಸುವ ನೆಪದಲ್ಲಿ ಅವನು ನನ್ನ ಕಡೆ ಬೀರುವ ನೋಟವಿದೆಯಲ್ಲ, ಅದಕ್ಕೆ ನನ್ನ ಅಂಗಡಿಯ ದಪ್ಪ ದಪ್ಪ ಲೆನ್ಸುಗಳೇ ಕರಗಿ ಹರಿದಿವೆ.

ಚಳಿಗಾಲದ ಒಂದು ಸಂಜೆ ಶಟರ್ ಎಳೆಯುತ್ತಾ ಕೇಳಿಯೇಬಿಟ್ಟ.

“ನನ್ನ ಮದ್ವೆ ಆಗ್ತೀಯಾ?”

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನ್ನಂಥವಳು ಅಷ್ಟು ಸಲೀಸಾಗಿ ಒಪ್ಪಿದರೆ ಬೀದಿಯ ಮರ್ಯಾದೆ ಏನಾಗಬೇಕು?

“ನನ್ನ ರಾಸ್ಪ್‌ಬೆರಿ ಮೊದಲ್ನೇ ಹಣ್ಣು ಬಿಡ್ಲಿ. ಆವತ್ತು ಹೇಳ್ತೀನಿ.”

“ಆಯ್ತು. ಗಿಡದ ಕಾಲು ಹಿಡ್ದಾದ್ರೂ ಬಿಡಿಸ್ತೀನಿ.”

ಚಳಿ ಇಳಿಯುವ ಹೊತ್ತಿಗೆ, ಹೊಸ ಮಷೀನಿನ ತರಬೇತಿಗೆಂದು ನಾನು ಒಂದು ವಾರ ಊರು ಬಿಡಬೇಕಾಯಿತು. ಅಕ್ಕನಿಗೆ ಬಿಟ್ಟರೆ ಗಿಡಕ್ಕೆ ಲೋಟ ತೊಳೆದ ನೀರೇ ಗತಿ. ಹಾಗಾಗಿ ಕತ್ತರಿಗೇ ಹೇಳಿ ಹೋದೆ.

ವಾಪಸ್ ಬಂದು ನೋಡುತ್ತೇನೆ, ಕುಂಡಕ್ಕೆ ಸಮ್ಮರ್ ಕಟ್! ಕಡ್ಡಿಗಳೆಲ್ಲ ಮಣ್ಣಿನ ಮಟ್ಟಕ್ಕೆ ನುಣ್ಣಗಾಗಿದ್ದವು. ಪೌಡರ್ ಹಾಕುವುದೊಂದೇ ಬಾಕಿ.

“ಒಣಗೋಗಿದ್ವು, ಟ್ರಿಮ್ ಮಾಡ್ದೆ,” ಎಂದ ಹೆಮ್ಮೆಯಿಂದ. “ಇನ್ನು ನೋಡು ಹೆಂಗೆ ಚಿಗುರತ್ತೆ ಅಂತ.”

“ಲೋ! ಒಣಗಿರ್ಲಿಲ್ಲ ಕಣೋ, ಮಲಗಿದ್ವು! ಇದು ಹಣ್ಣು ಬಿಡೋದೇ ಹೋದ ವರ್ಷದ ಕಡ್ಡೀಲಿ. ಈಗ ಬರೋ ಚಿಗುರು ಹಣ್ಣು ಕೊಡೋದು ಮುಂದಿನ ವರ್ಷ!”

ಅವನ ಮುಖ ಶೇವಿಂಗ್ ನೊರೆಗಿಂತ ಬೆಳ್ಳಗಾಯಿತು. “ಹಾಗಾದ್ರೆ... ನನ್ನ ಉತ್ತರ?”

ಆಗಲೇ ನಕ್ಕು ಹೂಂ ಎಂದಿದ್ದರೆ ಮುಗಿದಿತ್ತು. ಜಂಭ ಬಿಡಬೇಕಲ್ಲ!

“ಮಾತು ಅಂದ್ರೆ ಮಾತು,” ಎಂದುಬಿಟ್ಟೆ.

“ಸರಿ. ತಪ್ಪು ನಂದು. ಕಾಯ್ತೀನಿ.”

ಕಾಯುತ್ತಾನಂತೆ! ನನ್ನ ಕೈಲಿ ಆಗಬೇಕಲ್ಲ? ಅವನು ದಿನಾ ಬೆಳಿಗ್ಗೆ ಬರುವುದು, ಬೆರಳಿಳಿಸಿ ಮಣ್ಣಿನ ತೇವ ನೋಡುವುದು, ಕುಂಡವನ್ನು ಬಿಸಿಲಿಗೆ ತಿರುಗಿಸುವುದು, ಹೊಸ ಚಿಗುರನ್ನು ಕೆನ್ನೆ ಸವರಿದ ಹಾಗೆ ಸವರುವುದು. ಬೇಸಿಗೆಯುದ್ದಕ್ಕೂ ಇದೇ. ನನಗೆ ಆ ಗಿಡದ ಮೇಲೇ ಹೊಟ್ಟೆಕಿಚ್ಚು ಹತ್ತಿತು. ನನ್ನ ಬಿಸಿಯುಸಿರಿಗೆ ಎದುರು ಮನೆಯ ತಂತಿಯ ಮೇಲಿನ ಬೆಡ್‌ಶೀಟುಗಳು ಗಳಿಗೆಯಲ್ಲಿ ಒಣಗುತ್ತಿದ್ದವು.

“ಹೂಂ ಅಂದು ಸಾಯೇ ಅತ್ಲಾಗೆ,” ಎಂದಳು ಅಕ್ಕ. “ಬಾಯಿಗೇನು ಬೀಗ ಹಾಕಿದ್ಯಾ?”

“ಷರತ್ತು ಹಾಕಿದ್ದು ನಾನೇ ಅಲ್ವಾ ಅಕ್ಕಾ? ಹೆಂಗೆ ಮುರೀಲಿ?”

“ಮುರೀಬೇಡ. ಮಾರ್ಕೆಟ್ಟಲ್ಲಿ ಡಬ್ಬಿಗಟ್ಟಲೆ ಸಿಗತ್ತೆ, ತಂದು ಅಂಟಿಸ್ಕೋ.”

ತಮಾಷೆಗೇ ಅಂದಳು, ಪಾಪ. ಮರುದಿನವೇ ಒಂದು ಡಬ್ಬಿ ರಾಸ್ಪ್‌ಬೆರಿ ತಂದೆ. ಅದರಲ್ಲೇ ಚೆಲುವಾದ ಹಣ್ಣೊಂದನ್ನು ಆರಿಸಿ ಚಿಗುರಿನ ತುದಿಗೆ ಕಟ್ಟಿದೆ. ಅರ್ಧ ಫ್ರೇಮಿನ ಕನ್ನಡಕದಲ್ಲಿ ಲೆನ್ಸು ಬೀಳದಂತೆ ಹಿಡಿಯುವ ನೈಲಾನ್ ದಾರವಿದೆಯಲ್ಲ, ಅದರಿಂದ. ಕಟ್ಟಿದ ನನ್ನ ಕಣ್ಣಿಗೇ ದಾರ ಕಾಣಲಿಲ್ಲ ಎಂದರೆ ಕೈಚಳಕ ಎಂಥದ್ದಿರಬೇಕು!

ಕತ್ತರಿ ಬಂದ. ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಆಮೇಲೆ ಮೆಲ್ಲಗೆ ಕಣ್ಣೆತ್ತಿ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

“ಹಣ್ಣು ಬಿಟ್ಟಿದೆ,” ಎಂದ.

“ಹೌದಾ? ನಾನು ಗಮನಿಸ್ಲೇ ಇಲ್ಲ.”

ಜೇಬಿನಿಂದ ಪುಟ್ಟ ಕತ್ತರಿ ತೆಗೆದು ‘ಕಟ್’ ಎನ್ನಿಸಿ, ಹಣ್ಣನ್ನು ಅಂಗೈ ಮೇಲೆ ಮಗುಚಿದ.

“ಒಳಗೆ ಟೊಳ್ಳು. ಗಿಡದಲ್ಲಿರೋ ಹಣ್ಣಿನ ಒಳಗೆ ಬಿಳೀ ದಿಂಡು ಇರತ್ತೆ. ಕಿತ್ತ ಹಣ್ಣು ಮಾತ್ರ ಹಿಂಗೆ ಟೋಪಿ ಥರ ಇರತ್ತೆ. ಇಡೀ ಬೇಸಿಗೆ ನಾನು ಓದಿದ್ದೇ ಇದನ್ನ.”

ನನ್ನ ಕಿವಿಗಳು ಹಣ್ಣಿಗಿಂತ ಕೆಂಪಾದವು. “ಹೊಸಾ ತಳಿ,” ಎಂದೆ, ಸೋಲದೆ.

“ಗೊತ್ತಾಯ್ತು, ದಾರದ ಸಮೇತ ಬಿಡತ್ತೆ.” ಹಣ್ಣನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಜನ್ಮದಲ್ಲಿ ಇಂಥ ಹಣ್ಣು ತಿಂದಿಲ್ಲ. ಈಗ ಉತ್ತರ?”

“ಹೂಂ.”

“ಏನಂದೆ? ಕೇಳಿಸ್ಲಿಲ್ಲ.”

“ಹೂಂ ಅಂದೆ ಕಣೋ!” ಊರಿನ ಕಿಟಕಿಗಳೆಲ್ಲ ಅದುರಿದವು. ಒಳಗಿನಿಂದ ಅಕ್ಕ ಚಪ್ಪಾಳೆ ತಟ್ಟಿದಳು.

ಈಗ ಹಣ್ಣು ಕೊಟ್ಟು ಮುಗಿಸಿದ ಕಡ್ಡಿಯನ್ನು ಮಾತ್ರ ಅವನು ಕತ್ತರಿಸುತ್ತಾನೆ, ಅದೂ ಒಂದೊಂದಕ್ಕೂ ನನ್ನ ಅಪ್ಪಣೆ ಪಡೆದು. ಮದುವೆಯ ನಂತರದ ಮೊದಲ ಬೇಸಿಗೆಯಲ್ಲೇ ನಮ್ಮ ಕುಂಡ ಗಾಡಿ ತುಂಬ ರಾಸ್ಪ್‌ಬೆರಿ ಕೊಟ್ಟಿತು. ಒಂದು ಬಟ್ಟಲು ಎನ್ನುತ್ತಾಳೆ ಅಕ್ಕ. ಅವನನ್ನು ಕೇಳಿ ನೋಡಿ: ಬಾಯಿ ಒರೆಸಿಕೊಂಡು, ಗಾಡಿ ತುಂಬವೇ, ಇನ್ನೊಂದಿಷ್ಟು ಚೆಲ್ಲಿಯೂ ಹೋಯಿತು ಎನ್ನುತ್ತಾನೆ.

ಅದಕ್ಕೇ ನಾನು ಅವನನ್ನು ಕಟ್ಟಿಕೊಂಡದ್ದು.