ಮಂಗಳವಾಗದ ಪುರಾಣ

"ಚುಕ್ಕಿ ಎಲ್ಲಾ ದೂರ ಸರಿಯಾಕತ್ತಾವಂದ್ರ, ಮೊದಲ ಎಲ್ಲಿದ್ದುವು?"

ಇಂಡಿ ಊರಿನ ಗುಡಿಯಲ್ಲಿ ಕಂಬಕ್ಕೆ ಒರಗಿ ಬಸಂತರಾಯ ಮಾಸ್ತರು ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ತಮ್ಮಷ್ಟಕ್ಕೆ ಗುನುಗುವುದು ರೂಢಿ. ನಾನು ಸೆರಗಿನ ಮರೆಯಲ್ಲಿ ನಕ್ಕೆ. ಅವರ ನೋಟ ನನ್ನ ಬುಗುಡಿಯ ಮೇಲೆ ಒಂದು ಕ್ಷಣ ತಡೆದು, ನಾಚಿ ನೆಲಕ್ಕಿಳಿಯಿತು.

ಕೇಳಿಸಿದ್ದು ನನಗಷ್ಟೇ ಅಲ್ಲ. ಶ್ರಾವಣದ ಪುರಾಣ ಓದುತ್ತಿದ್ದ ಅಪ್ಪ ಚನ್ನಬಸಯ್ಯ ಅಲ್ಲಿಗೇ ನಿಲ್ಲಿಸಿದ. ಕೇಳುಗರ ಸಂಶಯ ತೀರದೆ ಪುರಾಣಕ್ಕೆ ಮಂಗಳ ಹಾಡಬಾರದೆಂಬುದು ಅವನ ನೇಮ. ಬಯಲಿನಿಂದ ಬಂದದ್ದು ಬಯಲಿಗೇ ಹೋಗುತ್ತದೆ ಎಂದು ಬಿಡಿಸಿ ಹೇಳಿದ. ಮಾಸ್ತರು ತಲೆದೂಗಿದರು, ಸಂಶಯ ತೀರಿತು ಎನ್ನಲಿಲ್ಲ; ಪುರಾಣ ಅಲ್ಲಿಗೇ ಉಳಿಯಿತು.

ಅದೇ ನೆಪವಾಗಿ ಅವರು ನಮ್ಮ ಮನೆಗೆ ಬರತೊಡಗಿದರು. ಎಲ್ಲವೂ ಒಂದು ಹಿಡಿಯಷ್ಟಿದ್ದು ಸಿಡಿಯಿತು ಎಂದು ವಿಜ್ಞಾನಿಗಳಲ್ಲಿ ಕೆಲವರು, ಮೊದಲು ಎಂಬುದೇ ಇಲ್ಲ, ಇದು ಸದಾ ಹೀಗೇ ಎಂದು ಕೆಲವರು, ಇನ್ನೂ ಯಾರೂ ಗೆದ್ದಿಲ್ಲ ಎಂದು ಮಾಸ್ತರು ಆಗ ಹೇಳುತ್ತಿದ್ದರು. ಅಪ್ಪ ಓದುವುದನ್ನು ಕೇಳಿಯೇ ಬೆಳೆದ ನಾನು ಚಹಾ ಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಮ್ಮೆ ನನ್ನನ್ನೇ ಕೇಳಿದರು, ಯಾವುದು ಖರೆ ಅನಿಸುತ್ತದೆ ಎಂದು.

"ಎರಡನೇದ್ರಿ. ಮೊದಲ ಇಲ್ಲದ್ದಕ್ಕ ಕೊನಿ ಸೈತ ಇರಂಗಿಲ್ಲ."

ಚಹಾದ ಕಪ್ಪು ಅವರ ತುಟಿಯ ಬಳಿಯೇ ನಿಂತಿತು.

ದಸರೆಗೆ ಬಾಗೇವಾಡಿಯಿಂದ ಅವರ ತಾಯಿ ಬಂದು ಮಗನಿಗೆ ನನ್ನನ್ನು ಕೇಳಿದರು. ಅಪ್ಪನಿಗೆ ಹಿಗ್ಗು. ಆದರೆ ಹಿಡಿದ ಪುರಾಣಕ್ಕೆ ಮಂಗಳವಾಗದೆ ಮನೆಯಲ್ಲಿ ಮದುವೆಯ ಹಂದರ ಹಾಕುವುದಿಲ್ಲ ಎಂದ.

ಕೆಂಪು ವಸ್ತ್ರದಲ್ಲಿ ಸುತ್ತಿದ ಪುರಾಣದ ಪುಸ್ತಕ ಎರಡು ವರ್ಷ ದೇವರ ಜಗಲಿಯ ಮೇಲೇ ಇತ್ತು. ನಾನು ದಿನವೂ ಅದಕ್ಕೆ ಹೂವೇರಿಸಿದೆ. ಕಡೆಗೆ ಅವರ ತಾಯಿ ಬೇಸತ್ತು ಮುದ್ದೇಬಿಹಾಳದ ಹೆಣ್ಣಿಗೆ ಮಾತು ಕೊಟ್ಟರು. ಮಾಸ್ತರು ಹೂಂ ಅಂದರು.

ನಿಶ್ಚಯಕ್ಕೆ ಎರಡು ದಿನವಿರುವಾಗ, ಮುಂಜಾನೆ ಪೂಜೆ ಮುಗಿಸಿ ಅವರ ಹೈಸ್ಕೂಲಿಗೆ ಹೋದೆ. ಖಾಲಿ ಕೋಣೆಯಲ್ಲಿ ಅವರು ಬೋರ್ಡಿನ ಮೇಲೆ ಖಡುವಿನಿಂದ ಚುಕ್ಕಿ ಬರೆಯುತ್ತಿದ್ದರು. ಹುಟ್ಟಿ ಯಾರನ್ನೂ ಏನೂ ಬೇಡಿದವಳಲ್ಲ ನಾನು.

"ಅಪ್ಪನ ಮುಂದ ನಿಂತು ಸಂಶಯ ತೀರಿತು ಅನ್ರಿ. ಒಂದ ಮಾತ. ಸುಳ್ಳಿನ ಪಾಪ ನನಗಿರಲಿ."

"ಜಗತ್ತಿನಾಗ ಯಾರಿಗೂ ತೀರಿಲ್ಲ ಅದು."

"ನಿಮ್ಮ ಅವ್ವಗ ಹೂಂ ಅಂದಿರಲ್ರಿ. ಅದು ಖರೆ ಏನು?"

ಅವರ ಕೈಯಲ್ಲಿದ್ದ ಖಡು ಮುರಿಯಿತು. ಕಣ್ಣು ತುಂಬಿತು. ಆದರೂ ಬೋರ್ಡಿನ ಕಡೆಗೇ ತಿರುಗಿದರು.

"ಅನ್ನಂಗಿಲ್ಲ, ಸಿದ್ದಲಿಂಗವ್ವ. ತೀರಿತು ಅಂತ ನಾ ಅನ್ನಂಗಿಲ್ಲ."