ಆರು ತಿಂಗಳೋ, ಹದಿನೆಂಟೋ

ಸುರಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಬಂದೊಡನೆ ಆ ಮನುಷ್ಯ ಗೋಡೆಯ ಕಡೆ ತಿರುಗುತ್ತಿದ್ದ. ಬಾಯಿಗೆ ಬೆರಳು ಹಾಕಿ ಏನನ್ನೋ ತೆಗೆದು ಪುಟ್ಟ ಡಬ್ಬಿಯಲ್ಲಿಡುತ್ತಿದ್ದ. ಚಹಾ ಕುಡಿದು, ಬಾಯಿ ಮುಕ್ಕಳಿಸಿ, ಮತ್ತೆ ಗೋಡೆ, ಮತ್ತೆ ಡಬ್ಬಿ, ಮತ್ತೆ ಬಾಯಿ.

ಮೂರು ದಿನ ನೋಡಿದ ದೇವಕಮ್ಮನಿಗೆ ತಡೆಯಲಾಗಲಿಲ್ಲ. ಹೈಸ್ಕೂಲಿನಲ್ಲಿ ಎಂಟು ವರ್ಷ ಪಾಠ ಮಾಡಿದವಳು, ಹುಡುಗರ ಕಿಸೆಯಿಂದ ಇಂಥ ಡಬ್ಬಿಗಳನ್ನು ಎಷ್ಟೋ ಕಸಿದವಳು.

“ನೋಡಾಕ ಶ್ಯಾಣ್ಯಾರ ಕಾಣಸ್ತೀರಿ. ಒಮ್ಮಿ ತೆಗೆದ ತಂಬಾಕ ಮತ್ತ ಬಾಯಾಗ ಇಟ್ಕೊಳ್ಳೋದು ಎಂಥಾ ಚಟರಿ ಇದು?”

ಅವನು ಕಕ್ಕಾಬಿಕ್ಕಿಯಾಗಿ ಡಬ್ಬಿಯನ್ನೇ ಅವಳ ಮುಂದೆ ಹಿಡಿದ. ಒಳಗೆ ಗಾಜಿನಂಥ ತೆಳ್ಳನೆಯ ಹಾಳೆ, ಹಲ್ಲಿನ ಸಾಲಿನ ಅಚ್ಚು.

“ತಂಬಾಕಲ್ರಿ ಟೀಚರ್ರ. ಹಲ್ಲಿನ ಅಂಗಿ ಇದು. ಹಾಕ್ಕೊಂಡ್ರ ಹಲ್ಲು ನೆಟ್ಟಗಾಗ್ತಾವ. ಉಣ್ಣುವಾಗ ಬಿಚ್ಚಿಡಬೇಕು.”

ದೇವಕಮ್ಮ ನಕ್ಕುಬಿಟ್ಟಳು. ನಗುವಿನ ಜೊತೆಗೇ ಅಂಗೈ ಬಾಯಿಗೆ ಅಡ್ಡ ಬಂತು. ಮೇಲಿನ ಕೋರೆಹಲ್ಲು ಮುಂದೆ ಚಾಚಿದಂದಿನಿಂದ ಬಂದ ಅಭ್ಯಾಸ ಅದು. ಅವನು ಕೈ ನೋಡಿದ, ಕಣ್ಣು ನೋಡಿದ.

ಹೆಸರು ಖಂಡಪ್ಪ. ಕಾಲುವೆಯ ಗೇಟ್ ನೋಡಿಕೊಳ್ಳುವ ಕೆಲಸ. ಇಬ್ಬರದೂ ಒಂದೇ ಬಸ್ಸು. ಅಂದು ಬಸ್ಸಿನಲ್ಲಿ ಅವಳೇ ಮೊಬೈಲ್ ತೆರೆದು ಒಂದು ಜಾಹೀರಾತು ತೋರಿಸಿದಳು. ಮನೆಗೇ ಅಚ್ಚಿನ ಕಿಟ್ ಕಳಿಸುತ್ತಾರೆ, ಕಚ್ಚಿ ವಾಪಸ್ ಕಳಿಸಬೇಕು, ಆರು ತಿಂಗಳಲ್ಲಿ ಹೊಸ ನಗು.

“ಇಷ್ಟ್ಯಾಕ ಅವಸರ್ರಿ?”

“ಯಾದಗಿರಿ ಕಡಿಂದೊಂದು ಸಂಬಂಧ ಬಂದದ. ಹಲ್ಲು ಸರಿ ಮಾಡಿಸ್ಕೊಂಡ್ರ ಮುಂದಿನ ಮಾತು ಅಂದಾರ. ಆರು ತಿಂಗಳು ಕಾಯ್ತಾರಂತ.”

ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದಳು. ಖಂಡಪ್ಪ ಮೊಬೈಲಿನ ಜಾಹೀರಾತಿನ ಕಡೆ ಬೆರಳು ಮಾಡಿದ.

“ನಾನೂ ಮೊದಲ ಹಿಂಗ ತರಿಸಿದ್ದೆ. ಒಂದಾದ ಮ್ಯಾಲ ಒಂದು ಹಾಕ್ಕೊಳ್ಳೋ ಅಂಗ್ಯಾಗ ನಾಕನೇದ್ದು ಹಲ್ಲಿಗೆ ಕೂಡಲಿಲ್ಲ, ಒಸಡು ಬಾತು ಕುಂತೆ. ಕಂಪನಿಗಿ ಫೋನ್ ಹಚ್ಚಿದ್ರ ಒಂದು ಒತ್ರಿ, ಎರಡು ಒತ್ರಿ ಅಂತದ. ಹಲ್ಲು ಒತ್ತಾಕತ್ತದಂತ ಯಾರಿಗೆ ಹೇಳಬೇಕ್ರಿ?”

“ಮುಂದ?”

“ಶಹಾಪುರದಾಗ ಮಮ್ತಾಜ ಡಾಕ್ಟರ್ ಹಂತ್ಯಾಕ ಹೋದೆ. ಮೊದಲ ಎಕ್ಸ್‌ರೇ, ಆಮ್ಯಾಲ ಒಸಡು ವಾಸಿ ಮಾಡಿದ್ರು, ಹುಳುಕು ತುಂಬಿದ್ರು. ಎಲ್ಲಾ ಆದ ಮ್ಯಾಲ ಅಂಗಿ. ಆರ ವಾರಕ್ಕೊಮ್ಮಿ ಕುಂದ್ರಿಸಿ ನೋಡ್ತಾರ. ಅಂಗಿ ಹಾಕ್ಕೊಳ್ಳಿಲ್ಲ ಅಂದ್ರ ಬೈತಾರ. ಆದ್ರ ಬೈಯೋರು ಎದುರಿಗೇ ಇರ್ತಾರಲ್ರಿ!”

“ಅವರೂ ಆರು ತಿಂಗಳಾಗ ಮಾಡ್ತಾರೇನು?”

“ಒಮ್ಮಿಗೇ ಗೇಟ್ ಎತ್ತಿದ್ರ ಕಾಲುವಿ ಒಡಿತದ ಟೀಚರ್ರ. ನೀವ ಕೇಳಿ ನೋಡ್ರಿ.”

ಬಸ್ಸಿನಲ್ಲಿ ಅವನಿಗೆ ಹೇಳಿದ್ದಂತೆ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಶಹಾಪುರಕ್ಕೆ ಹೋದಳು. ದವಾಖಾನೆಯ ಬೆಂಚಿನ ಮೇಲೆ ಖಂಡಪ್ಪ ಆಗಲೇ ಕುಳಿತಿದ್ದ.

“ಖಂಡಪ್ಪ, ನಿಮ್ಮ ಪಾಳಿ ಮುಂದಿನ ವಾರ ಅಲ್ಲೇನು?” ಮಮ್ತಾಜ ಡಾಕ್ಟರ್ ಕೇಳಿದರು.

“ಬಸ್ಸು ಈ ವಾರ ಸಿಕ್ತ್ರಿ.”

ಡಾಕ್ಟರ್ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತುಟಿಯಲ್ಲೇ ನಕ್ಕು ದೇವಕಮ್ಮನನ್ನು ಒಳಗೆ ಕರೆದರು. ಬಾಯಿ ನೋಡಿದರು, ಎಕ್ಸ್‌ರೇ ತೆಗೆದು ನೋಡಿದರು.

“ಕೋರಿಹಲ್ಲಿಗೆ ಜಾಗಾನ ಇಲ್ಲ. ಬಾಜೂಕಿಂದೊಂದು ತೆಗಿಬೇಕಾಗ್ತದ. ಹದಿನೆಂಟು ತಿಂಗಳು ಬೇಕು. ಆರು ಅಂದವ್ರು ನಿಮ್ಮ ಬಾಯಿ ನೋಡಿಲ್ಲ. ವಿಚಾರ ಮಾಡಿ ಹೇಳ್ರಿ, ಗಡಿಬಿಡಿ ಇಲ್ಲ.”

ದೇವಕಮ್ಮ ಕುರ್ಚಿಯಲ್ಲೇ ಕುಳಿತು ವಿಚಾರ ಮಾಡಿದಳು. ಆರು ತಿಂಗಳು ಕಾಯುವವರು ಕಾಯುತ್ತಿರುವುದು ಹಲ್ಲಿಗೆ. ಅವಳಿಗಾಗಿ ಬರುವವರಾದರೆ ಹೀಗೆ ತಿಂಗಳ ಲೆಕ್ಕ ಹಾಕುತ್ತಿದ್ದರೆ? ಬ್ಯಾಗಿನಿಂದ ಮೊಬೈಲ್ ತೆಗೆದಳು.

“ಯವ್ವಾ, ಯಾದಗಿರಿಯವರಿಗೆ ಬ್ಯಾಡ ಅಂದುಬಿಡು. ಇಲ್ಲಬೇ, ಸಿಟ್ಟಿಲ್ಲ. ಹಲ್ಲು ಮಾಡಿಸ್ಕೊಳ್ಳಾಕತ್ತೀನಿ. ನನ್ನ ಸಲುವಾಗಿ.”

ಒಪ್ಪಿಗೆಯ ಹಾಳೆಗೆ ಸಹಿ ಹಾಕಿ ಹೊರಬಂದಾಗ ಖಂಡಪ್ಪ ಮೆಟ್ಟಿಲ ಬಳಿ ನಿಂತಿದ್ದ. ಬಾಗಿಲು ತೆಳ್ಳಗಿತ್ತು, ಎಲ್ಲ ಕೇಳಿಸಿತ್ತು.

“ಹದಿನೆಂಟು ತಿಂಗಳು ಕಾಯೋದು ನನ್ನ ಕೈಲೆ ಆಗಂಗಿಲ್ರಿ,” ಎಂದ.

ಅವಳ ಮುಖ ಸಪ್ಪಗಾಯಿತು. “ನಿಮಗ ಯಾರು ಕಾಯ್ರಿ ಅಂದ್ರು?”

“ಹಂಗಲ್ರಿ. ಹಲ್ಲು ನೆಟ್ಟಗಾದ ಮ್ಯಾಲ ಕೇಳಿದ್ರ, ಹಲ್ಲಿನ ಥಲುವಾಗಿ ಕೇಳಿದ ಅಂತೀರಿ.” ಬಾಯೊಳಗಿನ ಅಂಗಿಗೆ ಸಿಕ್ಕು ‘ಸ’ ಜಾರಿಹೋಗಿತ್ತು. ಅವನ ಕಿವಿ ಕೆಂಪಾದರೂ ಮಾತು ನಿಲ್ಲಿಸಲಿಲ್ಲ. “ಅದಕ್ಕ ಇವತ್ತ ಕೇಳಾಕತ್ತೀನಿ. ನನ್ನ ಲಗ್ನ ಆಗ್ತೀರೇನ್ರಿ?”

ರಸ್ತೆಯಲ್ಲಿ ಟಂಟಂ ಆಟೋ ಒಂದು ಹಾರ್ನ್ ಹೊಡೆದು ಹೋಯಿತು. ದೇವಕಮ್ಮ ಬ್ಯಾಗನ್ನು ಹೆಗಲಿಗೇರಿಸಿದಳು.

“ಐತವಾರ ಮನಿಗಿ ಬರ್ರಿ. ಹಿರ್ಯಾರ್ನ ಕರ್ಕೊಂಡು.”

“ಹೆಣ್ಣು ನೋಡಾಕೇನ್ರಿ?”

“ನೋಡಿದ್ದಾಗ್ಯದಲ್ಲ,” ಎಂದಳು, ಮೆಟ್ಟಿಲಿಳಿಯುತ್ತ. “ತಾರೀಖು ಹಿಡಿಯಾಕ ಬರ್ರಿ.”