ಉಪ್ಪು ನೋಡುವ ನೆವ

"ಸಮುದ್ರದ ಮೀನಿಗೆ ಸಿಹಿ ನೀರ್ ಹಾಕುದಾ? ಹ್ವಾಯ್, ಇದೆಂತ ಡಾಕ್ಟ್ರಿಕೆ ಮಾರಾಯ್ರೆ?"

ಗುಡ್ಡಣ್ಣ ಕೇಳಿದ್ದು ಜಿತೇಂದ್ರನನ್ನು. ಪಾಪ, ಅವನು ಡಾಕ್ಟರೇನಲ್ಲ. ಬ್ರಹ್ಮಾವರದವನು, ಕುಂದಾಪುರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಹುಡುಗಿಯೊಬ್ಬಳು ಫೋನಿನಲ್ಲಿ "ನಮ್ ಮೀನಿಗೆ ಗಾಯ ಆಯ್ತ್, ಒಂದ್ಸಲ ಬಂದ್ ಕಾಣಿ" ಎಂದು ಅಳುವ ದನಿಯಲ್ಲಿ ಬೇಡಿದ್ದಕ್ಕೆ, ಅಂಗಡಿ ಬಾಗಿಲೆಳೆದು ಉಪ್ಪುಂದಕ್ಕೆ ಬಂದಿದ್ದ.

ಆ ಹುಡುಗಿ ಗುಡ್ಡಣ್ಣನ ಮಗಳು ಸೌಜನ್ಯ. ಪೇಟೆಯಲ್ಲಿ ಹೊಲಿಗೆ ಅಂಗಡಿ ಅವಳದು. ಈಗ ಗಾಜಿನ ತೊಟ್ಟಿಯ ಪಕ್ಕ ನಿಂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ತೊಟ್ಟಿಯೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ತೊಟ್ಟಿ ತೊಳೆಯುವ ದಿನ ಬಲೆ ಹಾಕಿ ಹಿಡಿಯಲು ಹೋಗಿ, ದೊಡ್ಡದರ ಮೈ ಕಲ್ಲಿಗೆ ಉಜ್ಜಿತ್ತು. ಅಕ್ಕಿಕಾಳಿನಷ್ಟು ತರಚು ಗಾಯ. ಹನ್ನೆರಡು ದಿನವಾದರೂ ಮಾಯದು.

ಜಿತೇಂದ್ರ ತೊಟ್ಟಿಯ ಒಂದು ಹನಿ ನೀರನ್ನು ಉಪ್ಪು ಅಳೆಯುವ, ಪುಟ್ಟ ದುರ್ಬೀನಿನಂಥ ಮೀಟರಿನ ಮೇಲೆ ಮತ್ತೊಮ್ಮೆ ಬಿಟ್ಟು ಬೆಳಕಿಗೆ ಹಿಡಿದ.

"ನೀರ್ ಕಮ್ಮಿ ಆದ್ರೆ ಎಂತ ಹಾಕ್ತ್ರಿ?"

"ಸಮುದ್ರದ್ದೇ! ಪ್ರತಿ ಆದಿತ್ಯವಾರ ನಾನೇ ಕ್ಯಾನಲ್ಲಿ ಹೊತ್ಕಂಡ್ ಬತ್ತೆ," ಎಂದಳು ಸೌಜನ್ಯ.

"ಅದೇ ಕಾಣಿ ಆದದ್ದ್. ಆವಿ ಆಯಿ ಹೋಪುದ್ ಬರೀ ನೀರ್. ಉಪ್ಪ್ ಅಲ್ಲೇ ಉಳಿತ್ತ್. ಅದ್ರ ಮೇಲೆ ನೀವ್ ವಾರ ವಾರ ಮತ್ತೂ ಉಪ್ಪ್ ತಂದ್ ಹೊಯ್ದ್ರಿ. ಗಾಯ ಮಾಯುದ್ ಹ್ಯಾಂಗೆ?"

ಸೌಜನ್ಯಳ ಕಣ್ಣು ತುಂಬಿತು. ಮೂರು ತಲೆಮಾರು ಕಡಲಿನ ಮೇಲೇ ಬದುಕಿದ ಮನೆ. ಸಮುದ್ರದ ಮೀನಿಗೆ ಬೇರೆ ನೀರು ಬೇಕಾದೀತು ಎಂದು ಯಾರಿಗೆ ತಾನೇ ಹೊಳೆಯಬೇಕು?

"ಛೆ, ಅಳ್ಬೇಡಿ. ನಿಮ್ ಪ್ರೀತಿ ಒಂಚೂರ್ ಉಪ್ಪಾಯ್ತ್, ಅಷ್ಟೇ."

ಅಳುತ್ತಲೇ ನಕ್ಕಳು. ನಗುವಾಗ ಅವನು ಮೀಟರನ್ನು ತಲೆಕೆಳಗೆ ಹಿಡಿದುಕೊಂಡು ತನ್ನನ್ನೇ ನೋಡುತ್ತಿದ್ದುದನ್ನು ಗಮನಿಸದೆ ಬಿಡಲಿಲ್ಲ.

ಮದ್ದು ಬೇಡವೆಂದ. ಮೊನಚು ಕಲ್ಲು ತೆಗೆಸಿದ, ಲೈಟು ಮಂದ ಮಾಡಿಸಿದ. ಇನ್ನು ಮೇಲೆ ಬಲೆ ಮುಟ್ಟಬೇಡಿ, ನೀರಿನ ಸಮೇತ ಬಟ್ಟಲಿನಲ್ಲೇ ಹಿಡಿಯಿರಿ ಎಂದ. ಫಿಲ್ಟರ್ ಮಾಡಿದ ಸಿಹಿ ನೀರನ್ನು ದಿನಕ್ಕೆ ಇಷ್ಟಿಷ್ಟೇ ಸೇರಿಸಬೇಕು, ಒಮ್ಮೆಲೇ ಸುರಿದರೆ ಮೀನು ತಡೆಯದು.

"ದಿನಾ ಬಂದ್ ಉಪ್ಪ್ ಕಾಣ್ಕ್," ಎಂದು ಕೊನೆಯಲ್ಲಿ ಸೇರಿಸಿದ.

ಹಾಗೆ ದಿನಾ ಸಂಜೆ ಬಂದ. ಭುಜ ನೋವಿನಿಂದ ದೋಣಿ ಬಿಟ್ಟು ಮನೆಯಲ್ಲಿ ಕೂತ ಗುಡ್ಡಣ್ಣನಿಗೆ ಆ ತೊಟ್ಟಿಯೇ ಲೋಕ. "ನಲ್ವತ್ ವರ್ಷ ಮೀನ್ ಹಿಡ್ದೆ ಮಾಣಿ, ಒಂದ್ರ ಮುಖವನ್ನೂ ಸಮಾ ಕಂಡಿರ್ಲಿಲ್ಲ," ಎಂದು ಅವನೊಂದಿಗೆ ಹರಟೆಗೆ ಕೂರುತ್ತಿದ್ದ. ಸೌಜನ್ಯ ಚಹಾ ತಂದಿಡುವಳು. ಅವನ ಕಣ್ಣು ಮೀನಿನ ಮೇಲೆ, ಅವಳ ಕಣ್ಣು ಗಾಜಿನಲ್ಲಿ ಮೂಡಿದ ಅವನ ಮುಖದ ಮೇಲೆ. ಗಾಜಿನೊಳಗೇ ಒಮ್ಮೊಮ್ಮೆ ನೋಟ ಕೂಡುತ್ತಿತ್ತು. ಆಗ ಇಬ್ಬರೂ ಮೀನಿನ ಕಡೆ ಬೊಟ್ಟು ಮಾಡಿ ಏನೋ ಒಂದು ಮಾತು ತೆಗೆಯುವರು.

ಗಾಯ ದಿನದಿನಕ್ಕೂ ಸಣ್ಣದಾಯಿತು. ಅಪ್ಪನ ಮುಖ ಅರಳಿದ್ದು ಕಂಡು ಅವಳು ಮನಸ್ಸಿನಲ್ಲೇ ಜಿತೇಂದ್ರನಿಗೆ ಕೈಮುಗಿದಳು. ಗಾಯ ಪೂರ್ತಿ ಮಾಯ್ದರೆ ಅವನು ಮತ್ತೆ ಬರುವುದಿಲ್ಲವಲ್ಲ ಎಂಬುದು ನೆನಪಾದರೆ ಮಾತ್ರ ಹೊಲಿಯುತ್ತಿದ್ದ ಯಂತ್ರವನ್ನು ನಡುವೆಯೇ ನಿಲ್ಲಿಸಿಬಿಡುವಳು.

ಒಂಬತ್ತನೆಯ ಸಂಜೆ ಅವನು ತೊಟ್ಟಿಯ ಮುಂದೆ ಬಹಳ ಹೊತ್ತು ಬಗ್ಗಿದ್ದ.

"ಮಾಯ್ತ್," ಎಂದ. "ಇನ್ನ್ ನಾನ್ ಬಪ್ಪುದ್ ಬ್ಯಾಡ."

"ದೊಡ್ಡ ಉಪಕಾರ ಆಯ್ತ್," ಎಂದಳು. ಈಗ ಕೇಳದಿದ್ದರೆ ಇನ್ನೆಂದೂ ಇಲ್ಲ ಅನಿಸಿತು. "ಒಂದ್ ಮಾತ್ ಕೇಳ್ತೆ. ಆ ಮೀಟರ್ ಕಾಂಬುಕೆ ಒಂದ್ ನಿಮಿಷ ಸಾಕ್. ನಂಗೆ ಕಲ್ಸಿ, ಇಲ್ಲೇ ಬಿಟ್ ಹೋಪುಕ್ ಆತಿತ್ತ್. ಕುಂದಾಪುರದಿಂದ ದಿನಾ ಎಂತಕ್ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ಬಿಟ್ ಹೋರೆ, ಬಪ್ಪುಕೆ ನೆವ ಎಲ್ಲಿತ್ತ್?"

"ಮೂರನೇ ದಿನವೇ ನಾನ್ ಯೂಟ್ಯೂಬ್ ಕಂಡ್ ಕಲ್ತಿದ್ದೆ."

"ಮತ್ತೆ ಹೇಳ್ಲಿಲ್ಲ?"

"ಹೇಳಿರೆ ನೀವ್ ಬತ್ತಿರ್ಲಿಲ್ಲ ಅಲ್ದಾ?"

ಜಿತೇಂದ್ರನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮೆಲ್ಲಗೆ, "ಸೌಜನ್ಯ, ನಿಮ್ಮನ್ನ್ ಕಾಣದೆ ಇನ್ನ್ ನಂಗೆ ಸಂಜೆ ಆಪುದಿಲ್ಲ," ಎಂದ.

ಅವಳು ಮೀಟರ್ ಹಿಡಿದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು, ತೆಗೆಯಲೂ ಇಲ್ಲ.

ಒಳಬಾಗಿಲಲ್ಲಿ ಕೆಮ್ಮು ಕೇಳಿತು. ತಾಯಿ ಸೀತು, ಕೈಯಲ್ಲಿ ಸೌಟು; ಅವಳ ಹಿಂದೆ ಗುಡ್ಡಣ್ಣ. ಎಷ್ಟು ಹೊತ್ತಿನಿಂದ ನಿಂತಿದ್ದರೋ!

"ಮಾಣಿ, ಇವತ್ತ್ ಊಟ ಮಾಡೇ ಹೋಯ್ಕ್. ಬಂಗ್ಡೆ ಸಾರ್ ಮಾಡಿದ್ದೆ."

"ಅಮ್ಮ..." ಜಿತೇಂದ್ರ ತಲೆ ಕೆರೆದ. "ದಿನಾ ಮೀನ್ ಸಾಕಿ ಸಾಕಿ, ನಾನ್ ಮೀನ್ ತಿಂಬುದೇ ಬಿಟ್ಟಿದ್ದೆ."

ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ. ಗುಡ್ಡಣ್ಣ ಹೆಂಡತಿಯ ಮುಖ ನೋಡಿದ, ಹೆಂಡತಿ ಮಗಳ ಮುಖ ನೋಡಿದಳು. ಮಗಳು ಇನ್ನೂ ಕೈ ತೆಗೆದಿರಲಿಲ್ಲ.

"ಮೊಟ್ಟೆ ತಿಂತ್ರ್ಯಾ?"

"ತಿಂತೆ ಅಮ್ಮ."

"ಹಾಂಗಾರೆ ಅಡ್ಡಿಲ್ಲ," ಎಂದು ಸೀತು ಒಳಗೆ ಹೋದಳು.

ಬಾಣಲೆಯ ಅಂಚಿಗೆ ಮೊಟ್ಟೆ ಒಡೆಯುವ ಸದ್ದು ಹೊರಗೂ ಕೇಳಿಸಿತು. ಒಂದು. ಎರಡು. ತುಸು ತಡೆದು, ಮೂರನೆಯದು.